ಹೊಸ್ತಿಲ ಮೇಲಿನ ಮಾತು

ಭಾನುವಾರ ಸಂಜೆ ನಾಲ್ಕೂವರೆಗೆ ಯಾಮಿನಿ ಸಾವಿನ ಮನೆಯ ಹೊಸ್ತಿಲ ಮೇಲೆ ನಿಂತು ‘ಹೋಗಿ ಬರ್ತೀನ್ರಿ’ ಎಂದಳು.

ತೀರಿಕೊಂಡವರು ಅವಳ ಗಂಡ ಸುಜಯೀಂದ್ರನ ಸೋದರಮಾವ ಪ್ರಹ್ಲಾದಾಚಾರ್ಯರು. ಹಿಂದಿನ ದಿನ ಬೆಳಿಗ್ಗೆ ಸಂಧ್ಯಾವಂದನೆಗೆ ಕೂತವರು ಹಾಗೆಯೇ ಒಂದು ಕಡೆ ವಾಲಿದ್ದರು. ಮನೆ ಆಂಧ್ರದ ಆದೋನಿಯಲ್ಲಿ, ಕೋಟೆ ಗುಡ್ಡದ ಕೆಳಗಿನ ಓಣಿಯಲ್ಲಿ. ನಡುಮನೆಯ ತುಂಬ ಹೆಂಗಸರಿದ್ದರು. ಆ ಮಾತು ಕೇಳಿದ್ದೇ ಎಲ್ಲರೂ ಅವಳ ಕಡೆ ತಿರುಗಿದರು. ಪ್ರಹ್ಲಾದಾಚಾರ್ಯರ ಹೆಂಡತಿ ಸಕ್ಕೂಬಾಯಿ ಮಾತ್ರ ನೆಲ ನೋಡುತ್ತಿದ್ದರು.

ಸಾವಿನ ಮನೆಯಿಂದ ಹೊರಡುವಾಗ ಹೇಳಿ ಹೊರಡಬಾರದು. ಮತ್ತೆ ಬರುತ್ತೇನೆ ಎಂದರೆ ಅಂಥದೇ ಕಾರಣಕ್ಕೆ ಬರುವಂತಾಗುತ್ತದೆ ಎಂಬ ನಂಬಿಕೆ. ಸುಮ್ಮನೆ ಎದ್ದು ನಡೆಯಬೇಕು. ಯಾಮಿನಿಗೆ ಇದು ಗೊತ್ತಿತ್ತು. ಬರುವಾಗ ಆಟೋದಲ್ಲಿ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದಳು: ಹತ್ತಿರ ಕೂರಬೇಕು, ಕಣ್ಣು ನೋಡಲಾಗದಿದ್ದರೆ ಹುಬ್ಬುಗಳ ನಡುವೆ ನೋಡಬೇಕು, ‘ಏನ್ ಮಾಡೋದು ಮಾಮಿ’ ಅನ್ನಬೇಕು, ಮಾತಿಲ್ಲದೆ ಏಳಬೇಕು. ಬಾಗಿಲ ತನಕ ಎಲ್ಲವೂ ಸರಿಯಾಗಿ ನಡೆದಿತ್ತು. ಅಲ್ಲಿ ಪ್ರಹ್ಲಾದಾಚಾರ್ಯರ ಮಗ ಬದರಿ ಎದುರಾಗಿ, ‘ಹೊಂಟ್ರೇನು ವೈನಿ?’ ಎಂದ. ಆ ಪ್ರಶ್ನೆಗೆ ಅವಳ ಬಾಯಲ್ಲಿ ಇದ್ದದ್ದು ಒಂದೇ ಉತ್ತರ. ಚಿಕ್ಕವಳಿದ್ದಾಗ ಯಾರದೋ ಮನೆಯಲ್ಲಿ ‘ಹೋಗ್ತೀನಿ’ ಎಂದಿದ್ದಕ್ಕೆ ಅಮ್ಮ ತುಟಿಗೆ ಹೊಡೆದು ಕಲಿಸಿದ ಉತ್ತರ ಅದು.

ಬದರಿಯೂ ಹಾಗೆ ಕೇಳಬಾರದಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಯಾಮಿನಿಗೆ ಮೂವತ್ತೊಂಬತ್ತು. ಅದೇ ಊರಿನ ಒಂದು ಇಂಟರ್, ಅಂದರೆ ಪಿಯು, ಕಾಲೇಜಿನಲ್ಲಿ ಕಾಮರ್ಸ್ ಲೆಕ್ಚರರ್. ಆ ವರ್ಷದ ಬೇಸಿಗೆಯಲ್ಲಿ ಒಂದು ದಿನ ಪರೀಕ್ಷೆಯ ಕೋಣೆಯಿಂದ ಮನೆಗೆ ಬಂದವಳಿಗೆ ಮಾತೇ ಹೊರಡಲಿಲ್ಲ. ಮರುದಿನದ ತನಕ ಹಾಗೇ ಇದ್ದಳು. ಮತ್ತೊಮ್ಮೆ ಹಾಗಾದಾಗ ಕರ್ನೂಲಿನ ವೈದ್ಯರು ಹೈದರಾಬಾದಿಗೆ ಕಳಿಸಿದರು. ಅಲ್ಲಿಯ ಡಾಕ್ಟರು ಅವಳಿಗೆ ಹುಟ್ಟಿನಿಂದಲೇ ಆಟಿಸಂ ಇದೆ ಎಂದರು. ಇಷ್ಟು ವರ್ಷ ತನಗೇ ಗೊತ್ತಿಲ್ಲದೆ ಅದನ್ನು ಮುಚ್ಚಿಟ್ಟುಕೊಂಡು ಬೇರೆಯವರಂತೆ ನಡೆದ ದಣಿವಿಗೆ ಮಾತು ನಿಲ್ಲುತ್ತಿದೆ, ಹೀಗೇ ನಡೆದರೆ ಪಾಠ ಮಾಡುವುದೂ ಆಗಲಿಕ್ಕಿಲ್ಲ ಎಂದರು. ಕೌನ್ಸೆಲಿಂಗ್ ಶುರುವಾಗಬೇಕು, ಮೊದಲ ಸಲ ಗಂಡನೂ ಜೊತೆಗಿರಬೇಕು ಎಂದು ಒಂದು ಗುರುವಾರ ಗೊತ್ತು ಮಾಡಿದರು. ಸುಜಯೀಂದ್ರ ‘ನೋಡೋಣು’ ಎಂದಿದ್ದ. ‘ಮನ್ಯಾಗ ಯಾರ ಮುಂದನೂ ಅನಬ್ಯಾಡ’ ಎಂದೂ ಹೇಳಿದ್ದ.

ಆ ಗುರುವಾರಕ್ಕೆ ಇನ್ನೂ ಮೂರು ದಿನ ಇರುವಾಗ ಸಕ್ಕೂಬಾಯಿ ತೀರಿಕೊಂಡರು. ಗಂಡನ ಕರ್ಮಗಳೆಲ್ಲ ಮುಗಿದು ಒಂದು ವಾರವೂ ಆಗಿರಲಿಲ್ಲ. ಅವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಗಂಡ ಹೋದ ಮೇಲೆ ಇನ್ಸುಲಿನ್ ಬೇಡ ಎಂದಿದ್ದರು. ಬದರಿ ಒತ್ತಾಯ ಮಾಡಿರಲಿಲ್ಲ. ಆಸ್ಪತ್ರೆಗೆ ಸೇರಿಸುವಾಗ ಎಚ್ಚರವಿರಲಿಲ್ಲ. ಬಂಧುಗಳು ಇನ್ಸುಲಿನ್ನಿನ ವಿಷಯ ಎತ್ತಲಿಲ್ಲ. ಹೊಸ್ತಿಲ ಮೇಲಿನ ಮಾತನ್ನು ಎತ್ತಿದರು.

ಸುಜಯೀಂದ್ರನ ಅಕ್ಕ ಸುಷಮಾ ಮುಂದಿನ ಓಣಿಯವಳು. ಸುದ್ದಿ ಬಂದ ಬೆಳಿಗ್ಗೆ ತಮ್ಮನ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಮಾತು ತೆಗೆದಳು.

‘ಬರ್ತೀನಿ ಅಂದು ಬಂದಿದ್ದಿ ಅಲ್ಲವಾ, ನಡೀ ಈಗ. ಮಾಮಿ ಕರದಾರ.’

‘ಅಕ್ಕಾ, ಬೇಕಂತ ಅಂದಿದ್ದಲ್ರಿ ಅದು. ಬಾಯಿಗೆ ಬಂದ್ಬಿಡ್ತು. ನನಗ ಆಟಿಸಂ ಅದ ಅಂತ ಡಾಕ್ಟರು ಹೇಳ್ಯಾರ.’

ಸುಜಯೀಂದ್ರ ಓದುತ್ತಿದ್ದ ಪೇಪರು ಮಡಿಚಿಟ್ಟ. ಸುಷಮಾ ತಮ್ಮನ ಮುಖ ನೋಡಿ, ಯಾಮಿನಿಯ ಮುಖ ನೋಡಿ, ನಕ್ಕಳು.

‘ಯಾರಿಗೆ, ನಿನಗ? ನಮ್ಮ ಹಿತ್ತಲ ಕಡೆ ಹೊನ್ನೂರಪ್ಪನ ಮೊಮ್ಮಗಗ ಅದ ನೋಡು ಅದು. ಐದು ವರ್ಷದ್ದು, ಇನ್ನಾ ಅಮ್ಮಾ ಅನ್ನಂಗಿಲ್ಲ. ನೀ ಕ್ಲಾಸಿನ್ಯಾಗ ಅಷ್ಟು ಹುಡುಗರ ಮುಂದ ನಿಂತು ತೆಲುಗಿನ್ಯಾಗ ದಬಾಯಿಸಾಕಿ.’

‘ಅದು ನಾಟಕರಿ ಅಕ್ಕಾ. ಒಂದೊಂದೂ ಕಲತು ಮಾಡೋದು.’

‘ಮತ್ತ ನಾವೇನು ಹೊಟ್ಟ್ಯಾಗಿದ್ದಾಗನ ಕಲತು ಬಂದೀವಾ? ನಮ್ಮತ್ತಿ ಮುಂದ ಇಷ್ಟು ವರ್ಷ ನಾ ಆಡಿದ್ದೇನು? ಹಂಗಾದ್ರ ನನಗೂ ಒಂದು ಚೀಟಿ ಬರಿಸ್ಕೊಂಡು ಬಾ.’

ಯಾಮಿನಿ ಅಡುಗೆಮನೆಗೆ ನಡೆದಳು. ಅದೇ ಪ್ರಶ್ನೆಯನ್ನು ಅವಳು ತನಗೇ ಕೇಳಿಕೊಳ್ಳುತ್ತಿದ್ದಳು. ಎಲ್ಲರಿಗೂ ಇಷ್ಟೇ ಕಷ್ಟವಾಗುತ್ತಿರಬಹುದು, ಸಹಿಸಲಾಗದವಳು ತಾನೊಬ್ಬಳೇ ಇರಬಹುದು. ಎದುರಿನವರಿಗೆ ಏನು ಬೇಕೋ ಅದನ್ನು ಹೇಳುವುದು ಅವಳಿಗೆ ಚೆನ್ನಾಗಿ ರೂಢಿಯಾಗಿತ್ತು. ಹೈದರಾಬಾದಿನ ಡಾಕ್ಟರ ಮುಂದೆಯೂ ಅದನ್ನೇ ಮಾಡಿ ಬಂದಿರಬಹುದು.

ಸುಜಯೀಂದ್ರ ಹಿಂದೆಯೇ ಬಂದ. ದನಿ ತಗ್ಗಿಸಿದ.

‘ಇವತ್ತೊಂದಿನ ಛಂದಾಗಿ ನಡಕೋ. ಮಂದಿ ಬಾಯಿ ಮುಚ್ಚಲಿ. ಗುರುವಾರ ನಾನ ರಜಾ ಹಾಕಿ ಕರ್ಕೊಂಡು ಹೋಗ್ತೀನಿ.’

‘ಖರೇನ?’

‘ಖರೇನ.’

ಅದೇ ನಡುಮನೆ, ಅದೇ ಹೆಂಗಸರು. ಯಾಮಿನಿ ಒಳಗೆ ಕಾಲಿಟ್ಟಾಗ ಮಾತು ನಿಂತಿತು, ಮತ್ತೆ ಶುರುವಾಯಿತು. ಆ ಮನೆಗೆ ಹಾಲು ಹಾಕುತ್ತಿದ್ದ ಪೀರಮ್ಮ ಅಳುತ್ತ ಬಂದು ಅವಳನ್ನು ಅಪ್ಪಿಕೊಂಡಳು.

‘ಜೋಡಿ ಬಿಟ್ಟು ಇರಾಕ ಆಗಲಿಲ್ಲ ನೋಡವ್ವ ಆ ತಾಯಿಗೆ. ಮನಿ ಬರೇ ಬಣಬಣ ಆತಲ್ಲವ್ವ.’

ಬೆವರಿನಲ್ಲಿ ತೊಯ್ದ ಕುಪ್ಪಸ, ಕುತ್ತಿಗೆಗೆ ಒತ್ತುವ ಬಳೆಗಳು, ಕಿವಿಯ ಪಕ್ಕದಲ್ಲೇ ಅಳು. ಯಾಮಿನಿಗೆ ಚರ್ಮ ಸುಲಿದಂತಾಯಿತು. ಅವಳು ಬಿಡಿಸಿಕೊಳ್ಳಲಿಲ್ಲ. ಬೇರೆಯವರು ಮಾಡುವುದನ್ನು ನೋಡಿ ಕಲಿತ ಹಾಗೆ ಪೀರಮ್ಮನ ಬೆನ್ನು ತಟ್ಟಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಧ್ಯಾಹ್ನದ ತನಕ ಕೂತಳು. ಒಬ್ಬೊಬ್ಬರ ಹುಬ್ಬುಗಳ ನಡುವೆ ನೋಡಿ ತಲೆಯಾಡಿಸಿದಳು. ಸುಷಮಾ ಎರಡು ಸಲ ಮೆಚ್ಚಿದಂತೆ ನೋಡಿದಳು.

ಹೊರಡುವಾಗ ಬದರಿ ಮತ್ತೆ ಬಾಗಿಲಲ್ಲೇ ಇದ್ದ. ಈ ಸಲ ಏನೂ ಕೇಳಲಿಲ್ಲ, ಅವಳ ಬಾಯನ್ನೇ ನೋಡುತ್ತಿದ್ದ. ಒಳಗಿನವರೂ ನೋಡುತ್ತಿದ್ದರು. ಯಾಮಿನಿ ನಾಲಿಗೆಯನ್ನು ಹಲ್ಲುಗಳ ನಡುವೆ ಹಿಡಿದುಕೊಂಡು ಹೊಸ್ತಿಲು ದಾಟಿದಳು. ಆಟೋದಲ್ಲಿ ಕೂತಾಗ ಬಾಯಲ್ಲಿ ರಕ್ತದ ರುಚಿ ಇತ್ತು.

‘ಬರ್ತದ ನಿನಗ,’ ಎಂದಳು ಸುಷಮಾ, ಅವಳ ತೊಡೆ ತಟ್ಟಿ. ‘ಮನಸ್ಸು ಮಾಡಬೇಕು ಅಷ್ಟ.’

ಮನೆಗೆ ಬಂದು ಎಲ್ಲರೂ ಸ್ನಾನ ಮಾಡಬೇಕಿತ್ತು. ಯಾಮಿನಿ ಬಚ್ಚಲಿಗೆ ಹೋದವಳು ನೀರು ಹುಯ್ದುಕೊಂಡ ಮೇಲೂ ಒದ್ದೆ ನೆಲದ ಮೇಲೆ ಬಹಳ ಹೊತ್ತು ಕೂತಿದ್ದಳು. ಹೊರಗೆ ಬಂದಾಗ ಸುಜಯೀಂದ್ರ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ. ಅವನ ಮುಖದಲ್ಲಿ ಸಮಾಧಾನವಿತ್ತು.

‘ಎಷ್ಟು ಛಂದ ಮಾಡಿದಿ ಇವತ್ತು. ಬದರಿ ಫೋನ್ ಮಾಡಿದ್ದ, ವೈನಿ ಸರಿ ಹೋಗ್ಯಾರ ಅಂದ. ಮತ್ಯಾಕ ಬೇಕು ಹೈದರಾಬಾದು? ನೀ ಇವತ್ತು ಇದ್ದಂಗ ಆ ಡಾಕ್ಟರ ಮುಂದ ಇದ್ದಿದ್ರ ಏನೂ ಇಲ್ಲಮ್ಮ ಅಂತ ಅವರ ಕಳಿಸ್ತಿದ್ರು. ಹೌದಿಲ್ಲೋ?’

ನೀವು ಮಾತು ಕೊಟ್ಟಿದ್ದಿರಿ ಎಂದು ಯಾಮಿನಿ ಹೇಳಬೇಕೆಂದಿದ್ದಳು. ಬಾಯಿ ತೆರೆದಳು. ದನಿ ಬರಲಿಲ್ಲ. ಅವನು ಹೇಳಿದ್ದು ನಿಜವಿರಬಹುದೇ ಎಂಬ ಯೋಚನೆಯೂ ಅದೇ ಹೊತ್ತಿಗೆ ಬಂತು. ಇವತ್ತು ಮಾಡಲು ಬಂದಿತ್ತಲ್ಲ.

ಅವಳು ಸುಮ್ಮನಿದ್ದುದನ್ನು ಸುಜಯೀಂದ್ರ ಒಪ್ಪಿಗೆ ಎಂದುಕೊಂಡ. ಅಲ್ಲಿಂದಲೇ ಕ್ಲಿನಿಕ್ಕಿಗೆ ಫೋನ್ ಮಾಡಿ ಬರುವುದಿಲ್ಲ ಎಂದು ತಿಳಿಸಿದ.

ಕ್ಲಿನಿಕ್ಕಿನವರು ಆ ಸಮಯವನ್ನು ಬೇರೊಬ್ಬರಿಗೆ ಕೊಟ್ಟರು. ಮರುದಿನ ಯಾಮಿನಿಗೆ ದನಿ ಮರಳಿತು. ಗುರುವಾರ ಬೆಳಿಗ್ಗೆ ಅವಳು ಕಾಲೇಜಿಗೆ ಹೋಗಿ ಮೊದಲ ಪೀರಿಯಡ್ ಪಾಠ ಮಾಡಿದಳು.