ಕೊಡುವ ಮೊದಲು ಪ್ರಫುಲ್ಲಾ ಕೇಳಿದ್ದು

ಕೊರೊನಾದ ಮೊದಲ ವರ್ಷ. ಮಹಾನಗರದ ಅಂಚಿನ ಕೋಪರಖೈರಣೆಯಲ್ಲಿ ಅಂಗಡಿಗಳ ಶಟರ್ ಇಳಿದಿತ್ತು, ರೈಲಿನ ಸದ್ದಿರಲಿಲ್ಲ, ಆಂಬ್ಯುಲೆನ್ಸ್ ಕೂಗು ಮಾತ್ರ ಆಗಾಗ ಕೇಳುತ್ತಿತ್ತು. ಹೋಟೆಲ್ ಮ್ಯಾನೇಜರ್ ಲೋಕನಾಥನಿಗೆ ಮನೆಯಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೆಂಡತಿ ಮೋಹಿನಿಗೆ ಜ್ವರ, ಒಣಕೆಮ್ಮು. ಟೆಸ್ಟಿನ ರಿಪೋರ್ಟ್ ಇನ್ನೂ ಬಂದಿರಲಿಲ್ಲ.

ಎಷ್ಟೋ ಸಲ ಫೋನ್ ಮಾಡಿದ ಮೇಲೆ ಡಾಕ್ಟರು ಸಿಕ್ಕಿದರು. ಅವರಿಗೆ ಪುರುಸೊತ್ತಿಲ್ಲ, ಇವನಿಗೆ ಗಾಬರಿ. ಜ್ವರ, ಕೆಮ್ಮು ಎಂದಷ್ಟೇ ಹೇಳಿದ. ಸ್ವಲ್ಪ ಹೊತ್ತಿಗೆ ಮೊಬೈಲಿಗೆ ಔಷಧಿ ಚೀಟಿ ಬಂತು. ಟಿವಿಯಲ್ಲೆಲ್ಲ ಕೇಳಿಬರುತ್ತಿದ್ದ ಮಾತ್ರೆಯ ಹೆಸರೇ ಅದರಲ್ಲಿತ್ತು. ಲೋಕನಾಥ ಮಾಸ್ಕ್ ಸಿಕ್ಕಿಸಿಕೊಂಡು ಓಡಿದ.

ಮೆಡಿಕಲ್ ಸ್ಟೋರಿನ ಫಾರ್ಮಸಿಸ್ಟ್ ಪ್ರಫುಲ್ಲಾ ಕಾರ್ಕಳದ ಕಡೆಯವಳು, ಪರಿಚಯದವಳು. ಬೇಗ ಕೊಟ್ಟಾಳೆಂದುಕೊಂಡರೆ ಅವಳು ಚೀಟಿ ನೋಡಿ ಪ್ರಶ್ನೆ ಶುರುಮಾಡಿದಳು. ಯಾರಿಗೆ, ವಯಸ್ಸೆಷ್ಟು, ದಿನಾ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ.

ಲೋಕನಾಥನಿಗೆ ರೇಗಿತು. "ಡಾಕ್ಟ್ರೇ ಬರ್ದಿದ್ದಾರಲ್ಲ ಮಾರಾಯ್ತಿ, ನಿಂಗೆಂತ ಅದು? ಇದ್ದದ್ದೆಲ್ಲ ಕೊಡು, ಬಿಲ್ಡಿಂಗಿನವರಿಗೂ ಆಗ್ತದೆ."

ಪ್ರಫುಲ್ಲಾ ದನಿ ಏರಿಸಲಿಲ್ಲ. "ಲೋಕನಾಥಣ್ಣ, ಇದು ಮಲೇರಿಯಾಕ್ಕೆ, ಸಂಧಿವಾತಕ್ಕೆ ಅಂತ ಒಪ್ಪಿಗೆ ಆದ ಮಾತ್ರೆ. ಡಾಕ್ಟ್ರು ಬೇರೆ ಕಾಯಿಲೆಗೂ ಬರೀಬಹುದು, ತಪ್ಪಿಲ್ಲ. ಆದ್ರೆ ಕೊರೊನಾ ಇದ್ರಲ್ಲಿ ಗುಣ ಆಗ್ತದಾ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಹಾಗಿರುವಾಗ ನಾನು ಕೇಳ್ಲೇಬೇಕು."

ಹಿಂದೆ ಸಾಲಿನಲ್ಲಿ ನಿಂತಿದ್ದ ಚಂದ್ರಬಾಯಿ ಸಂಧಿವಾತದ ಗಂಟುನೋವಿಗೆ ಡಾಕ್ಟರ ಚೀಟಿಯಂತೆ ವರ್ಷಗಳಿಂದ ಇದೇ ಮಾತ್ರೆ ನುಂಗುತ್ತಿದ್ದವಳು. ಎಲ್ಲ ಅಂಗಡಿ ಸುತ್ತಿಯೂ ಅದು ಸಿಗಲಿಲ್ಲ ಎಂದಳು. ಅವಳ ಬೆರಳುಗಳು ಬಾತು ಸೊಟ್ಟಗಾಗಿದ್ದವು. ಅದನ್ನು ಕಂಡ ಮೇಲೆ ಲೋಕನಾಥ ಬಿಲ್ಡಿಂಗಿನ ಮಾತು ಎತ್ತಲಿಲ್ಲ. ಮನೆಗೆ ಫೋನ್ ಹಚ್ಚಿ, ಎದೆಬಡಿತ ಏರುಪೇರಾಗದಿರಲೆಂದು ಮೋಹಿನಿ ದಿನಾ ತೆಗೆದುಕೊಳ್ಳುವ ಮಾತ್ರೆಯ ಹೆಸರನ್ನು ಓದಿಸಿದ.

ಪ್ರಫುಲ್ಲಾಳ ಮುಖ ಗಂಭೀರವಾಯಿತು. "ಇವೆರಡೂ ಒಟ್ಟಿಗೆ ಹೋದ್ರೆ ಹೃದಯಕ್ಕೇ ಅಪಾಯ. ಡಾಕ್ಟ್ರಿಗೆ ಇದು ಗೊತ್ತುಂಟಾ?"

"ಇಲ್ಲ, ಜ್ವರ, ಕೆಮ್ಮು ಅಂತ ಮಾತ್ರ ಹೇಳಿದ್ದು," ಎಂದ ಲೋಕನಾಥ. ಪ್ರಫುಲ್ಲಾ ಡಾಕ್ಟರಿಗೆ ಫೋನ್ ಮಾಡಿದಳು. ಎಂಗೇಜ್. ಮತ್ತೆ ಎಂಗೇಜ್. ಅವನು ಅಂಗಡಿಯ ಮುಂದೆ ಅತ್ತಿಂದಿತ್ತ ಓಡಾಡಿದ. ಕೊನೆಗೆ ಡಾಕ್ಟರು ಸಿಕ್ಕಿದರು, ವಿಷಯ ಕೇಳಿ ಆ ಮಾತ್ರೆ ಕೊಡಲೇಬೇಡಿ ಎಂದರು. ಜ್ವರದ ಮಾತ್ರೆ ಸಾಕು, ಬೆರಳಿಗೆ ಮಿಷನ್ ಹಾಕಿ ಆಕ್ಸಿಜನ್ ನೋಡುತ್ತಿರಿ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ ಎಂದು ಹೇಳಿದರು. ಇದ್ದ ಮಾತ್ರೆ ಚಂದ್ರಬಾಯಿಗೆ ಹೋಯಿತು.

ರಿಪೋರ್ಟಿನಲ್ಲಿ ಕೊರೊನಾ ಎಂದೇ ಬಂತು. ಆ ವಾರವೆಲ್ಲ ಲೋಕನಾಥ ಮೋಹಿನಿಯ ಬೆರಳು ಹಿಡಿದು ಅಂಕೆ ನೋಡಿದ್ದೇ ನೋಡಿದ್ದು. ಅವಳು ನಿಧಾನವಾಗಿ ಚೇತರಿಸಿಕೊಂಡಳು. ಆ ಮಾತ್ರೆಯಿಂದ ಕೊರೊನಾ ವಾಸಿಯಾಗದೆಂದು ಮುಂದೆ ದೊಡ್ಡ ಪರೀಕ್ಷೆಗಳೇ ತೋರಿಸಿದವು.

"ಅವತ್ತು ಅವಳು ಸುಮ್ನೆ ಕೊಟ್ಟಿದ್ರೆ ನಾನೇ ನಿನ್ಗೆ ನುಂಗಿಸ್ತಿದ್ದೆ," ಎಂದು ಲೋಕನಾಥ ಒಮ್ಮೆ ಹೇಳಿದ. ಮೋಹಿನಿ ಅವನ ಕೈ ಹಿಡಿದುಕೊಂಡಳು.

ಓದುಗರೇ, ನಾಳೆ ಇನ್ನೊಂದು ರೋಗ ಊರಿಗೆ ಬಂದೀತು, ಇನ್ನೊಂದು ಮಾತ್ರೆಯ ಹೆಸರು ಹಬ್ಬೀತು. ಡಾಕ್ಟರರ ಚೀಟಿಯಿಲ್ಲದೆ ಅದನ್ನು ಕೇಳಬೇಡಿ, ಕೂಡಿಡಬೇಡಿ. ಚೀಟಿ ಇದ್ದರೂ ನೀವು ತೆಗೆದುಕೊಳ್ಳುವ ಎಲ್ಲ ಔಷಧಿಗಳ ಹೆಸರನ್ನು ಡಾಕ್ಟರಿಗೂ ಫಾರ್ಮಸಿಸ್ಟಿಗೂ ತಿಳಿಸಿ. ಅವರು ಪ್ರಶ್ನೆ ಕೇಳಿದರೆ ಸಿಟ್ಟಾಗಬೇಡಿ. ಕೇಳದೇ ಕೊಟ್ಟರೆ, ಇದು ನನ್ನ ಬೇರೆ ಮಾತ್ರೆಗಳ ಜೊತೆ ಆಗುತ್ತದೆಯೇ ಎಂದು ನೀವೇ ಕೇಳಿ.