ಅಳುವಾಗ ತೆಗೆದ ಫೋಟೋ

"ಚೆನ್ನಾಗೈತೆ ಮಿಸ್," ಅಂದಳು ಶೃತಿ. ಫೋನನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ಹಿಡಿದು, ಒಂದೇ ಕ್ಷಣ ನೋಡಿ, ವಾಪಸ್ಸು ಕೊಟ್ಟುಬಿಟ್ಟಿದ್ದಳು.

ಟೀಚರ್ ಅಪರ್ಣಳಿಗೆ ಅಷ್ಟು ಸಾಕಾಗಬೇಕಿತ್ತು. ಸಾಕಾಗಲಿಲ್ಲ. ಐದನೇ ಕ್ಲಾಸಿನ ಈ ಹುಡುಗಿ ಮಿಸ್ ಕೇಳಿದ್ದಕ್ಕೆಲ್ಲ ಹಾಗೇ ಅನ್ನುವವಳು. ಭಿನ್ನರಾಶಿಯೂ ಚೆನ್ನಾಗೈತೆ, ಟೆಸ್ಟೂ ಚೆನ್ನಾಗೈತೆ.

ಫೋಟೋದಲ್ಲಿ ಮಾತ್ರ ಅವಳು ಅಳುತ್ತಿದ್ದಳು. ಜೂನ್ ತಿಂಗಳಲ್ಲಿ ಹೇನು ವಿಪರೀತವಾಯಿತೆಂದು ಅಜ್ಜಿ ನಿಂಗಮ್ಮ ಮೊಮ್ಮಗಳ ತಲೆಯನ್ನು ನುಣ್ಣಗೆ ಬೋಳಿಸಿಬಿಟ್ಟಿದ್ದಳು. ಮಾರನೇ ದಿನ ಕ್ಲಾಸಿಗೆ ಕ್ಲಾಸೇ ನಕ್ಕಿತು. ಶೃತಿ ಪಕ್ಕದ ಖಾಲಿ ಕೋಣೆಗೆ ಓಡಿ, ಬೋಳುತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಿಟಕಿಯ ಬಳಿ ನಿಂತಿದ್ದಳು. ಕೆನ್ನೆಯ ನೀರಿನ ಮೇಲೆ ಬೆಳಕು ಎಷ್ಟು ಚೆಂದ ಬಿದ್ದಿತ್ತೆಂದರೆ, ಹುಡುಕಿಕೊಂಡು ಬಂದ ಅಪರ್ಣ ಬಾಗಿಲಲ್ಲೇ ನಿಂತು, ಬ್ಯಾಗಿನಿಂದ ಕ್ಯಾಮೆರಾ ತೆಗೆದು, ಆರು ಸಲ ಕ್ಲಿಕ್ ಮಾಡಿ, ಆಮೇಲೆ ಹೋಗಿ ಕಣ್ಣೊರೆಸಿದ್ದಳು. ಮೊದಲು ಕಣ್ಣೊರೆಸಬಹುದಿತ್ತು. ಅದು ಅನ್ನದಲ್ಲಿನ ಕಲ್ಲಿನ ಹಾಗೆ ಆಗಾಗ ಹಲ್ಲಿಗೆ ಸಿಗುತ್ತಿತ್ತು.

ಹತ್ತು ವರ್ಷ ಭಾನುವಾರಗಳನ್ನೆಲ್ಲ ಕ್ಯಾಮೆರಾಕ್ಕೆ ಬರೆದುಕೊಟ್ಟಿದ್ದರೂ ಅವಳ ಒಂದು ಚಿತ್ರವೂ ಯಾವ ಗೋಡೆಯನ್ನೂ ಏರಿರಲಿಲ್ಲ. ಈಗ ತುಮಕೂರಿನಲ್ಲಿ ಛಾಯಾಚಿತ್ರ ಪ್ರದರ್ಶನ ಏರ್ಪಡಿಸುತ್ತಿದ್ದ ಜಯಪ್ರಕಾಶ್ ಇದನ್ನೇ ಆರಿಸಿದ್ದರು. ಪೋಸ್ಟರಿಗೂ ಇದೇ. ಬೆಳಿಗ್ಗೆ ಅವರ ಫೋನು ಬಂದಿತ್ತು: "ಮಧ್ಯಾಹ್ನ ಪ್ರಿಂಟಿಗೆ ಹೋಗುತ್ತೆ ಮೇಡಂ. ಕ್ಯಾತ್ಸಂದ್ರದಿಂದ ಗೂಳೂರುವರೆಗೂ ಅಂಟಿಸ್ತೀವಿ. ತಂದೆ ಸೈನ್ ಇದೆಯಲ್ಲ, ಇನ್ನೇನು?"

ಗೂಳೂರು ಅಂದ ಕೂಡಲೇ ಅಪರ್ಣಳಿಗೆ ಅಲ್ಲಿನ ಬಸ್‌ಸ್ಟಾಪು ಕಣ್ಣಿಗೆ ಬಂತು. ಶೃತಿಯ ಹಳ್ಳಿಯ ಮಕ್ಕಳೆಲ್ಲ ಬಸ್ಸಿಗೆ ನಿಲ್ಲುವುದು ಅಲ್ಲೇ. ಮರಳಿ ಕೂದಲು ಬಂದು, ನಗು ನಿಂತು, ಎಲ್ಲರೂ ಮರೆತ ಮೇಲೆ ಆ ಬೋಳುತಲೆ ಗೋಡೆಗೋಡೆಯ ಮೇಲೂ ಬಂದು ಕೂರುವುದು. ಪ್ರಿಂಟನ್ನು ತಡೆಯುವಂತೆ ಹೇಳಿ, ಸ್ಕೂಟರ್ ಹತ್ತಿ ಸೀದಾ ಶೃತಿಯ ಮನೆಗೇ ಬಂದಿದ್ದಳು.

ಸೈನೇನೋ ಇತ್ತು. ಬಿದರೆಹಳ್ಳಿ ಕಾವಲ್‌ನ ಫ್ಯಾಕ್ಟರಿಗೆ ಬಸ್ ಓಡಿಸುವ ಅಪ್ಪ ರಂಗರಾಜು ಒಪ್ಪಿಗೆಯ ಹಾಳೆಯನ್ನು ಓದದೇ ಹಾಕಿದ ಸೈನು. ಈಗಲೂ ಅವನದು ಅದೇ ರಾಗ. "ನಿಮ್ಗಿಂತ ಎಚ್ಚಾ ಮೇಡಮ್ಮೋರೆ? ಹಾಕ್ಕಳಿ. ನೀವ್ ಮಾಡಿದ್ಮೇಲೆ ಮಗೀಗೆ ಒಳ್ಳೇದೇ ಆಯ್ತದೆ."

"ಬಿಸ್ಲಲ್ಲಿ ಬಂದವ್ರೆ, ಬ್ಯಾಡ ಅನ್ನಕ್ಕಾಯ್ತದೇನ್ಲಾ?" ಅಂದಳು ನಿಂಗಮ್ಮ ಮಗನಿಗೆ. "ಮದ್ಲು ಮಜ್ಜಿಗೆ ತಂದ್ಕೊಡು, ಓಗು."

ಮಜ್ಜಿಗೆ ಕುಡಿಯುತ್ತ ಅಪರ್ಣ ನೋಡಿದಳು. ಮೂವರೂ ಹೂಂ ಅನ್ನುತ್ತಿದ್ದಾರೆ, ಆದರೆ ಒಬ್ಬರೂ ಫೋನಿನ ಕಡೆ ನೋಡುತ್ತಿಲ್ಲ. ಬೆರಳುದ್ದ ಕೂದಲು ಬಂದಿದ್ದರೂ ಶೃತಿಯ ಕೈ ಮತ್ತೆ ಮತ್ತೆ ತಲೆಗೆ ಹೋಗುತ್ತಿತ್ತು. ಟೀಚರ್ ಮನೆಬಾಗಿಲಿಗೆ ಬಂದು ಕೇಳಿದರೆ ಬೇಡ ಅನ್ನುವ ಬಾಯಿ ಈ ಮನೆಯಲ್ಲಿಲ್ಲ ಎಂಬುದು ಈಗ ಅವಳಿಗೆ ಹೊಳೆಯಿತು. ನಾಚಿಕೆಯೂ ಆಯಿತು.

ಕ್ಲಾಸಿನಲ್ಲೂ ಹೀಗೇ. ಅರ್ಥವಾಯಿತೇ ಎಂದರೆ ನಲವತ್ತು ಬಾಯಿಯೂ ಹೂಂ ಅನ್ನುತ್ತವೆ. ಅದಕ್ಕೇ ಅವಳು ಮಕ್ಕಳಿಗೆಲ್ಲ ಕಣ್ಣು ಮುಚ್ಚಿಸಿ, ತಲೆ ಬಗ್ಗಿಸಿ, ಅರ್ಥವಾಗದವರು ಕೈ ಎತ್ತಿ ಅನ್ನುತ್ತಿದ್ದಳು. ಯಾರು ಎತ್ತಿದರೆಂದು ಪಕ್ಕದವರಿಗೂ ತಿಳಿಯುವುದಿಲ್ಲ.

"ಶೃತಿ, ಕ್ಲಾಸಲ್ಲಿ ಮಾಡ್ತೀವಲ್ಲ, ಹಂಗೇ ಮಾಡೋಣ. ಕಣ್ಣು ಮುಚ್ಚಿ ತಲೆ ಬಗ್ಸು. ನೀವಿಬ್ರೂ ಅಷ್ಟೇ."

"ನಾವೂವಾ?" ರಂಗರಾಜು ನಕ್ಕ.

"ಮುಚ್ಕಳ್ಲಾ, ಮೇಡಮ್ಮೋರು ಏಳ್ತಾವ್ರೆ," ಅಂದ ನಿಂಗಮ್ಮ ಆಗಲೇ ಮುಚ್ಚಿದ್ದಳು.

"ಈ ಫೋಟೋನ ಜನ ನೋಡೋದು ಬೇಡ ಅನ್ನೋರು ಕೈ ಎತ್ತಿ. ನಂಗೇನೂ ಬೇಜಾರಿಲ್ಲ."

ಕೊನೆಯ ಮಾತು ಶುದ್ಧ ಸುಳ್ಳು. ಶೃತಿಯ ಕೈ ಕಿವಿಯವರೆಗೆ ಬಂತು. ಅಲ್ಲೇ ಸ್ವಲ್ಪ ಹೊತ್ತು ಅನುಮಾನಿಸಿ, ಆಮೇಲೆ ನೆಟ್ಟಗೆ ಮೇಲೆ ಹೋಯಿತು.

ಅಪರ್ಣಳಿಗೆ ನೋವಾಯಿತು. ಹತ್ತು ವರ್ಷದ ಆಸೆ ಎಂದರೆ ಸುಮ್ಮನೆಯೇ? ಆದರೆ ಜೂನ್‌ನಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದುಹೋದಂತಾಗಿ, ಎಷ್ಟೋ ದಿನದ ಮೇಲೆ ಉಸಿರು ಸಲೀಸಾಗಿ ಆಡಿತು. ಆ ಚಿತ್ರ ಬೇಡ, ಎಲ್ಲೂ ಹಾಕಬೇಡಿ ಎಂದು ಜಯಪ್ರಕಾಶರಿಗೆ ಮೆಸೇಜ್ ಕಳಿಸಿದಳು. ಆರೂ ಚಿತ್ರಗಳನ್ನು ಫೋನಿನಿಂದ ಅಳಿಸಿದಳು; ಕ್ಯಾಮೆರಾದಲ್ಲಿದ್ದವನ್ನು ಮನೆಗೆ ಹೋದ ಕೂಡಲೇ ಅಳಿಸಬೇಕೆಂದುಕೊಂಡಳು.

ತಲೆಯೆತ್ತಿದರೆ, ಸೈನ್ ಹಾಕಿದ್ದ ರಂಗರಾಜುವಿನ ಕೈಯೂ ಮೇಲಿತ್ತು. ನಿಂಗಮ್ಮನದೂ ಮೇಲಿತ್ತು, ಬಳೆಗಳು ಮೊಣಕೈಗೆ ಜಾರಿದ್ದವು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಬಾಗಿಲಿನ ಬಿಸಿಲು ಮೂರೂ ಅಂಗೈಗಳ ಮೇಲೆ ಬಿದ್ದಿತ್ತು. ಇಂಥದ್ದೊಂದು ಚಿತ್ರ ಅವಳ ಜನ್ಮದಲ್ಲಿ ಸಿಕ್ಕಿರಲಿಲ್ಲ. ಫೋನನ್ನು ಮಡಿಲಲ್ಲಿ ಬೋರಲು ಹಾಕಿ ಬರೀ ನೋಡುತ್ತ ಕೂತಳು.

"ಮಿಸ್," ಅಂದಳು ಶೃತಿ, ಕಣ್ಣು ಬಿಡದೆಯೇ. "ಕೈ ನೋಯ್ತೈತೆ. ಇಳಿಸ್ಲಾ?"