ಮಳೆಗೆ ಬಿಟ್ಟ ಜಾಗ

ಬೆಳಕಿನ ಗೆರೆ, ಗೋಡೆಯ ಸುಣ್ಣದ ಮೇಲೆ, ಕೂದಲೆಳೆಯಷ್ಟು — ಅವತ್ತು ಇದು ಇರಲಿಲ್ಲ, ಅವತ್ತು ಬರೀ ಬಿಸಿಲು, ಯುಗಾದಿ ಕಳೆದು ಹದಿನೈದು ದಿನ, ಮಧ್ಯಾಹ್ನ ಮೂರು ಗಂಟೆ, ಬಾಪೂಜಿನಗರದ ಬೀದಿಯಲ್ಲಿ ನಾಯಿ ಕೂಡ ಮಗ್ಗುಲು ಬದಲಿಸದ ಹೊತ್ತು, ಬೈರಪ್ಪ ಜಗಲಿಯ ನೆರಳಲ್ಲಿ ಕಾಲು ಚಾಚಿ ಕೂತಿದ್ದಾಗ ಏಕಾಂತಯ್ಯ ಕೊಡೆ ಮಡಚುತ್ತ ಬಂದರು, ಗೂಡ್ಸ್ ಗಾಡಿಯ ಗಾರ್ಡಾಗಿದ್ದು ಪೆನ್ಷನ್ ಆದವರು, ಗದಗಿನ ಕಡೆಯವರು, ಎರಡು ಮನೆ ಆಚೆ ನಾಲ್ಕು ವರ್ಷದಿಂದ ಬಾಡಿಗೆಗಿರುವವರು, ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಕೆಟ್ಟ ಗಡಿಯಾರಗಳ ರಾಶಿಯ ಅಡಿ ಸಿಕ್ಕಿತಂತೆ, ಅಮೆರಿಕದ್ದಂತೆ, ಯಾವ ದೊರೆ ಮಾರಿಹೋಗಿದ್ದನೋ, ಮುಚ್ಚಳದ ಮೇಲೆ ಚಿತ್ರ, ಮರದ ಗೂಡ್ಸ್ ವ್ಯಾಗನ್ನು, ಹಳೇ ಕಾಲದ್ದು, ಎಂಟು ಚಕ್ರ — ನಮ್ಮವು ನಾಲ್ಕು ಚಕ್ರದವು, ಆದರೂ ಅದೇ ಮೈ, ಅದೇ ಜಾರುಬಾಗಿಲು. ಒಳಗೆ ಬೆಂಕಿಕಡ್ಡಿಯಂಥ ಹಲಗೆಗಳ ಕಟ್ಟು. ಒಂದನ್ನು ಬೈರಪ್ಪ ಮೂಗಿಗೆ ಹಿಡಿದ, ತೇಗವಲ್ಲ, ಯಾವುದೋ ಬಿಳೀ ಮೆದು ಮರ, ಆದರೂ ಮರವೇ, ಮೂವತ್ತಾರು ವರ್ಷ ರೈಲ್ವೆ ಶೆಡ್ಡಿನಲ್ಲಿ ವ್ಯಾಗನ್ನಿಗೆ ಮೈ ಕಟ್ಟಿದ ಅಂಗೈ ಸುಮ್ಮನೆ ಬೆವರಿತು. ಈಗೆಲ್ಲ ಕಬ್ಬಿಣದ ಡಬ್ಬಗಳು, ಬಡಿದರೆ ತಗಡಿನ ಸದ್ದು. ನನ್ನ ಕೈ ನಡುಗ್ತಾವ್ರೀ, ಓದೋದು ನಾನು, ಕಟ್ಟೋದು ನೀವು, ಎಂದರು ಏಕಾಂತಯ್ಯ. ಬೈರಪ್ಪನಿಗೆ ಓದು ಎಂದರೆ ಅಂಕಿ ಮತ್ತು ತನ್ನ ಹೆಸರು, ಅಷ್ಟೆ.

ದಿನಾ ಮೂರಕ್ಕೆ ಬರುವುದು, ಇಂಗ್ಲಿಷ್ ಕಾಗದ ಬಿಡಿಸಿ ಕನ್ನಡದಲ್ಲಿ ಹೇಳುವುದು, ಬೈರಪ್ಪ ಮಣೆಯ ಮೇಲೆ ಬಗ್ಗಿ ಕೆತ್ತುವುದು. ಹೆಂಡತಿ ಮುನಿಲಕ್ಷ್ಮಮ್ಮ ಕಾಫಿ ಲೋಟ ಕುಕ್ಕಿದಳು, ಮಗಳ ಮಗೂಗೆ ಒಂದು ತೊಟ್ಟಿಲು ಮಾಡ್ಕೊಡಿ ಅಂದ್ರೆ ಸೊಂಟ ಹಿಡ್ಕೊಂತದೆ, ಬೊಂಬೆ ಗಾಡಿಗೆ ಹಿಡ್ಕೊಳಲ್ವಾ. ಅವನು ತಲೆ ಎತ್ತಲಿಲ್ಲ, ಎತ್ತಿದ್ದರೆ ನಕ್ಕಿದ್ದು ಗೊತ್ತಾಗುತ್ತಿತ್ತು. ಚಕ್ರ ಎಣಿಸಿದರೆ ಏಳೇ, ಎಂಟನೆಯದು ಎಲ್ಲಿ ಉರುಳಿಹೋಗಿತ್ತೋ, ಮಾರನೆಯ ದಿನ ಏಕಾಂತಯ್ಯ ತಮ್ಮ ಗಾರ್ಡ್ ಕೋಟಿನ ತೋಳಿನಿಂದ ಹಿತ್ತಾಳೆ ಗುಂಡಿ ಕಿತ್ತು ತಂದರು, ಬೈರಪ್ಪ ಅದನ್ನು ಅರದಿಂದ ಉಜ್ಜಿ ಉಜ್ಜಿ ಚಕ್ರ ಮಾಡಿದ, ಉಳಿದ ಏಳಕ್ಕಿಂತ ಅದೇ ನೆಟ್ಟಗೆ ಓಡಿತು. ಕಾಗದದಲ್ಲಿ ಬರೆದಿತ್ತಂತೆ, ಹಲಗೆಗೆ ಹಲಗೆ ಒತ್ತಿ ಅಂಟು ಹಾಕಬೇಕು. ಅಂಟು ಬೇಡ, ಅಂಟು ಹಾಕಿದ ಹಲಗೆಗೆ ಉಸಿರಿಲ್ಲ, ಎಂದು ಗುಂಡುಸೂಜಿಗಳನ್ನು ಕತ್ತರಿಸಿ ಮೊಳೆ ಮಾಡಿಕೊಂಡು ಒಂದೊಂದೇ ಹಲಗೆ ಕೂರಿಸಿದ, ಕೈ ತಾನಾಗಿ ನಡೆಯಿತು, ಕೈಗೆ ದಾರಿ ಗೊತ್ತಿತ್ತು. ಎರಡೂ ಪಕ್ಕ ಮುಗಿದಾಗ ಮಣೆಯ ಮೇಲೆ ಎರಡು ಹಲಗೆ ಉಳಿದಿದ್ದವು, ಪಕ್ಕಕ್ಕೊಂದು. ಲೆಕ್ಕ ತಪ್ಪಿದಿರೇನು, ಎಂದು ಏಕಾಂತಯ್ಯ ಗಾಡಿಯನ್ನು ಎತ್ತಿ ಬಿಸಿಲಿಗೆ ಹಿಡಿದರು — ಹಲಗೆ ಹಲಗೆಯ ನಡುವೆ ಕೂದಲೆಳೆಯಷ್ಟು ಬೆಳಕು.

ಅಯ್ಯೋ. ಬೇಸಿಗೆಯಲ್ಲಿ ಕಟ್ಟಿದ ಮೈಗೆ ಜಾಗ ಬಿಡಬೇಕು, ಮಳೆ ಕುಡಿದು ಮರ ಊದುತ್ತದೆ, ಬಿಡದಿದ್ದರೆ ಹಲಗೆ ಉಬ್ಬಿ ಮೊಳೆ ಕಿತ್ತುಕೊಂಡು ಬರುತ್ತದೆ, ಹಳೇ ಮೇಸ್ತ್ರಿ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದು. ಅಲ್ಮೇರಾದ ಮೇಲೆ ಕೂರುವ ಗೇಣುದ್ದದ ಗಾಡಿಗೂ ಮಳೆಯ ಜಾಗ ಬಿಟ್ಟಿದ್ದ. ಏಕಾಂತಯ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಆಮೇಲೆ ನಗು ಅರ್ಧಕ್ಕೇ ನಿಂತಿತು, ಇಬ್ಬರಿಗೂ ನೆನಪಾದದ್ದು ಒಂದೇ — ಯುದ್ಧದ ಕಾಲ, ರೇಷನ್ ಅಕ್ಕಿ, ಬೈರಪ್ಪ ಕಟ್ಟಿದ ವ್ಯಾಗನ್ನು, ಅರಸೀಕೆರೆ ತಲುಪುವಷ್ಟರಲ್ಲಿ ಅರವತ್ತು ಮೂಟೆ ನೆಂದು ಮುಗ್ಗಿದ ವಾಸನೆ. ಹಲಗೆಯ ಸಂದಿನಿಂದ ನೀರು ನುಗ್ಗಿದೆ ಎಂದು ಬರೆದುಕೊಟ್ಟದ್ದು ಆ ಗಾಡಿಯ ಗಾರ್ಡು, ಇದೇ ಏಕಾಂತಯ್ಯ. ಎಂಟು ತಿಂಗಳು ಉಳಿ ಕಿತ್ತುಕೊಂಡು ಹಳೇ ಹಲಗೆಯ ಮೊಳೆ ಕೀಳುವ ಕೆಲಸಕ್ಕೆ ಹಾಕಿದರು, ಅದು ಹೋಗಲಿ, ಬಿರುಕು ಬೈರಪ್ಪ ಎಂದು ಹೆಸರಿಟ್ಟರಲ್ಲ, ಪೆನ್ಷನ್ ದಿನ ಹಾರ ಹಾಕುವಾಗಲೂ ಹಿಂದಿನಿಂದ ಯಾರೋ ಬಿರುಕು ಬೈರಪ್ಪಂಗೆ ಜೈ ಅಂದ, ಎಲ್ಲರೂ ನಕ್ಕರು, ಅವನೂ ನಕ್ಕ. ಮೂವತ್ತೊಂದು ವರ್ಷ. ಅವತ್ತು ನನ್ನ ಕೈ ಹೆಚ್ಚು ಬಿಟ್ಟಿತೆ, ಒಂದು ಎಳೆ ಹೆಚ್ಚು? ಯಾರನ್ನು ಕೇಳುವುದು, ಆ ವ್ಯಾಗನ್ನು ಒಡೆದು ಸೌದೆಯಾಗಿ ಎಷ್ಟು ಕಾಲವಾಯಿತೋ. ನಾಲ್ಕು ವರ್ಷ ಒಂದೇ ಜಗಲಿಯ ಮೇಲೆ ಕೂತರೂ ಇಬ್ಬರೂ ಆ ಮಾತು ಎತ್ತಿದವರಲ್ಲ.

ಅಷ್ಟರಲ್ಲಿ ರೈಲ್ವೆ ಸ್ಟ್ರೈಕು, ಮೈಸೂರು ಲೈನಿನಲ್ಲಿ ಸದ್ದೇ ಇಲ್ಲ, ತಮ್ಮನ ಮನೆ ಸೇರಲು ಗದಗಿಗೆ ಹೊರಟಿದ್ದ ಏಕಾಂತಯ್ಯನ ಟ್ರಂಕು ಕಟ್ಟಿದ್ದು ಕಟ್ಟಿದಂತೆಯೇ ಕೂತಿತು, ಇನ್ನು ತಿರುಗಿ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ರೈಲು ಬಿಡುವುದರೊಳಗೆ ಇದು ಸೋರುತ್ತದೋ ಇಲ್ಲವೋ ನೋಡಿಬಿಡಬೇಕು, ಎಂದುಕೊಂಡ ಬೈರಪ್ಪ, ಮೇ ತಿಂಗಳ ಮೋಡ ದೀಪಾಂಜಲಿನಗರದ ಕಡೆ ಕಪ್ಪಾಗುತ್ತಿದ್ದ ಭಾನುವಾರ. ಬೆಳಿಗ್ಗೆಯೇ ಗಾಡಿಗೆ ಒದ್ದೆ ಬಟ್ಟೆ ಹೊದಿಸಿಟ್ಟಿದ್ದ, ಶೆಡ್ಡಿನಲ್ಲೂ ಹಾಗೆಯೇ, ಮಳೆಗಾಲದ ಲೋಡಿಗೆ ಮುಂಚೆ ನೆನೆದ ಗೋಣಿ ಹೊದಿಸಿ ಮರಕ್ಕೆ ನೀರು ಕುಡಿಸುತ್ತಿದ್ದರು. ಒಳಗೆ ಒಂದು ಚಿಟಿಕೆ ರಾಗಿಹಿಟ್ಟು ಹಾಕಿ, ಬಾಗಿಲು ಜಾರಿಸಿ, ಅಂಗಳದ ಕಲ್ಲಿನ ಮೇಲೆ ಇಟ್ಟ. ಹನಿ ಬಿತ್ತು, ದಪ್ಪ ದಪ್ಪ ಹನಿ, ಒಳಗ ತಗೊಳ್ರೀ ಹಾಳಾಗ್ತೈತಿ ಎಂದು ಏಕಾಂತಯ್ಯ ಎದ್ದರು, ಇರ್ಲಿ ಬಿಡಿ, ಎಂದ ಬೈರಪ್ಪ, ಮೂವತ್ತೊಂದು ವರ್ಷ ತಾನೇ ಮಳೆಯಲ್ಲಿ ನಿಂತಂತೆ. ಅರ್ಧ ಗಂಟೆ ಸುರಿಯಿತು. ನಿಂತ ಮೇಲೆ ಎತ್ತಿ ಒರೆಸಿ ಆಕಾಶಕ್ಕೆ ಹಿಡಿದ — ಬೆಳಕಿಲ್ಲ, ಒಂದು ಎಳೆಯೂ ಇಲ್ಲ, ಹಲಗೆ ಹಲಗೆ ಕೈಹಿಡಿದು ನಿಂತಂತೆ, ಒಂದೂ ಉಬ್ಬಿಲ್ಲ. ಬಾಗಿಲು ಜಾರಿಸಿ ಏಕಾಂತಯ್ಯನ ಮುಂದೆ ಹಿಡಿದ. ಅವರು ನಡುಗುವ ಬೆರಳು ಒಳಗೆ ಹಾಕಿ ತೆಗೆದರು, ಹಿಟ್ಟು, ಒಣ ಹಿಟ್ಟು, ಊದಿದರೆ ಹಾರಿತು. ಬೆರಳನ್ನು ಪಂಚೆಗೆ ಒರೆಸಿಕೊಂಡರು. ಬೈರಪ್ಪನವರ, ಅವತ್ತ ಯಶವಂತಪುರದಾಗ ನಾ ಬಾಗಲಾ ನೋಡಿದ್ದಿಲ್ರೀ, ಅರ್ಧಾ ತೆರಕೊಂಡಿತ್ತು, ನೀರು ಅಲ್ಲಿಂದನ ಹೊಕ್ಕಿದ್ದು, ನನ್ನ ನೌಕರಿ ಹೋಗ್ತಿತ್ತು, ಅದಕ್ಕ ಹಲಗಿ ಮ್ಯಾಲ ಹಾಕಿ ಬರದೆ. ಮಾಡಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬೈಯಬಹುದಿತ್ತು, ಬೈಗುಳಗಳನ್ನು ಎಷ್ಟು ವರ್ಷ ಹೊಳಪು ಕೊಟ್ಟು ಇಟ್ಟಿದ್ದ, ಒಂದೂ ಕೈಗೆ ಸಿಗಲಿಲ್ಲ, ಎದೆಯೊಳಗೆ ಬರೀ ತೇಗದ ವಾಸನೆ, ಒಂದು ಎಳೆಯೂ ಹೆಚ್ಚಿರಲಿಲ್ಲ, ಈ ಕೈ, ಈ ಕೈಯೇ. ಕಾಫಿ ಆರೋಯ್ತದೆ, ಕುಡೀರಿ, ಎಂದ. ಒಳಗಿಂದ ಕೇಳಿಸಿಕೊಂಡ ಮುನಿಲಕ್ಷ್ಮಮ್ಮ ಸಂಜೆಯೊಳಗೆ ಪಕ್ಕದ ಅಂಜನಮ್ಮನಿಗೆ ಗೋಡೆಯ ಮೇಲಿಂದ ಹೇಳಿ ಆಗಿತ್ತು, ನಮ್ಮನೆಯವರು ಕಟ್ಟಿದ ಗಾಡೀಲಿ ಒಂದು ಹನೀನೂ ಸೋರಲ್ಲ ಕಣಮ್ಮ, ಯಾವತ್ತೂ ಸೋರಿಲ್ವಂತೆ.

ಸ್ಟ್ರೈಕು ಮುಗಿಯಿತು. ಟ್ರಂಕು ಜಟಕಾಕ್ಕೆ ಏರಿತು, ಗಾಡಿ ನಿಮ್ಮದು, ತಗೊಂಡೋಗಿ, ಎಂದರೆ ಏಕಾಂತಯ್ಯ ಬೇಡವೆಂದರು, ಉಳಿದಿದ್ದ ಎರಡು ಹಲಗೆಯಲ್ಲಿ ಒಂದನ್ನು ಮಾತ್ರ ಕೇಳಿ ಜೇಬಿಗೆ ಇಟ್ಟುಕೊಂಡರು, ಕರವಸ್ತ್ರದಲ್ಲಿ ಸುತ್ತಿ, ಲಿಂಗದ ಕರಡಿಗೆಯ ಪಕ್ಕಕ್ಕೆ. ಈಗ ದೂರದಲ್ಲಿ ಕೂಗು, ಅವರದೇ ರೈಲೋ ಬೇರೆಯದೋ, ಇಷ್ಟು ದಿನದ ಮೇಲೆ ಕಿವಿಗೆ ಹೊಸದು, ಕಿಟಕಿಯಲ್ಲಿ ಗಾಡಿ ಕೂತಿದೆ, ಏಳು ಕಪ್ಪು ಚಕ್ರ, ಒಂದು ಹಿತ್ತಾಳೆಯದು, ನಾಲ್ಕು ದಿನದ ಬಿಸಿಲಿಗೆ ಮರ ಒಣಗಿ ಮತ್ತೆ ತನ್ನ ಜಾಗಕ್ಕೆ ಸರಿದಿದೆ, ಬಿರುಕಲ್ಲ, ಮಳೆಗೆ ಬಿಟ್ಟ ಜಾಗ, ಅಷ್ಟೇ ಬಿಟ್ಟಿದ್ದೆ, ಅಷ್ಟೇ — ಗುರುವಾರ, ಏಕಾಂತಯ್ಯ ಹೋದರು, ಗೋಡೆಯ ಸುಣ್ಣದ ಮೇಲೆ ಕೂದಲೆಳೆಯಷ್ಟು ಬೆಳಕು —